ಹಾರಲು ಹೆದರಿದ ಸೂಪರ್‌ಮ್ಯಾನ್

ಸೂಪರ್‌ಮ್ಯಾನ್ ಮೊದಮೊದಲು ಹಾರುತ್ತಿರಲಿಲ್ಲ. 1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಜೆರಿ ಸೀಗಲ್ ಮತ್ತು ಜೋ ಶೂಸ್ಟರ್ ಅವನನ್ನು ಓದುಗರ ಮುಂದೆ ತಂದು ನಿಲ್ಲಿಸಿದಾಗ ಅವನಿಗೆ ಗೊತ್ತಿದ್ದದ್ದು ನೆಗೆತ ಮಾತ್ರ. ಒಂದು ನೆಗೆತಕ್ಕೆ ಮೈಲಿಯ ಎಂಟನೇ ಒಂದು ಭಾಗ ದಾಟುತ್ತಿದ್ದ, 20 ಅಂತಸ್ತಿನ ಕಟ್ಟಡವನ್ನು ಹಾಯುತ್ತಿದ್ದ, ರೈಲಿಗಿಂತ ಜೋರಾಗಿ ಓಡುತ್ತಿದ್ದ. ಹಾರಾಟ ಅವನಿಗೆ ಬಂದದ್ದು ಕೆಲವು ವರ್ಷಗಳ ನಂತರ, ರೇಡಿಯೋ ನಾಟಕಗಳಿಂದ ಮತ್ತು ಫ್ಲೈಶರ್ ಸಹೋದರರ ಕಾರ್ಟೂನ್ ಚಿತ್ರಗಳಿಂದ. ತೆರೆಯ ಮೇಲೆ ಕುಪ್ಪಳಿಸುವ ನಾಯಕ ಚೆನ್ನಾಗಿ ಕಾಣುವುದಿಲ್ಲ ಎಂಬ ಸಣ್ಣ ಕಾರಣಕ್ಕೆ ಅವನಿಗೆ ಆಕಾಶ ಸಿಕ್ಕಿತು ಎಂದು ಹೇಳುವುದುಂಟು. ಮುಂದಿನ ತಲೆಮಾರುಗಳಿಗೆ ಸೂಪರ್‌ಮ್ಯಾನ್ ಎಂದರೆ ಹಾರುವವನು. ನೆಗೆಯುತ್ತಿದ್ದ ಸೂಪರ್‌ಮ್ಯಾನ್‌ನನ್ನು ಸಂಗ್ರಾಹಕರು ಮತ್ತು ಇತಿಹಾಸಕಾರರು ಮಾತ್ರ ನೆನಪಿಟ್ಟುಕೊಂಡರು.

ಜೀನ್ ಲುವೆನ್ ಯಾಂಗ್ ತಮ್ಮ ‘ಸೂಪರ್‌ಮ್ಯಾನ್ ಸ್ಮ್ಯಾಷಸ್ ದ ಕ್ಲಾನ್’ ಎಂಬ ಚಿತ್ರಕಾದಂಬರಿಯನ್ನು ಈ ಮರೆತುಹೋದ ವಿವರದ ಮೇಲೆ ಕಟ್ಟಿದ್ದಾರೆ. 2019 ಮತ್ತು 2020ರ ನಡುವೆ ಮೂರು ಭಾಗಗಳಲ್ಲಿ ಬಂದು, ನಂತರ ಒಂದೇ ಸಂಪುಟವಾದ ಕೃತಿ ಇದು. ಚಿತ್ರಗಳು ‘ಗುರಿಹಿರು’ ಎಂಬ ಹೆಸರಿನಲ್ಲಿ ಜೊತೆಯಾಗಿ ಕೆಲಸ ಮಾಡುವ ಇಬ್ಬರು ಜಪಾನಿ ಕಲಾವಿದೆಯರದು. ಕಥೆ ನಡೆಯುವುದು 1946ರ ಮೆಟ್ರೊಪೊಲಿಸ್ ನಗರದಲ್ಲಿ. ಯಾಂಗ್ ಅವರ ಸೂಪರ್‌ಮ್ಯಾನ್ ಬೀದಿಗಳಲ್ಲಿ, ತಂತಿಗಳ ಮೇಲೆ ಓಡುತ್ತಾನೆ, ನೆಗೆಯುತ್ತಾನೆ, ಹಾರುವುದಿಲ್ಲ. ಹಳೆಯ ಪುಸ್ತಕದಲ್ಲಿ ಅವನಿಗೆ ಹಾರಾಟ ಇರಲಿಲ್ಲ, ಅಷ್ಟೇ. ಈ ಪುಸ್ತಕದಲ್ಲಿ ಹಾರುವ ಶಕ್ತಿ ಮೊದಲಿನಿಂದಲೂ ಅವನೊಳಗಿದೆ, ಅವನೇ ಅದನ್ನು ಅದುಮಿಟ್ಟುಕೊಂಡಿದ್ದಾನೆ. ಏಕೆ ಎಂಬುದಕ್ಕೆ ಉತ್ತರ ಅವನ ಹುಟ್ಟಿನ ಕಥೆಯಲ್ಲಿದೆ. ಆ ಕಥೆಯನ್ನು ಯಾಂಗ್ ಮತ್ತೆ ಬರೆದಿರುವ ರೀತಿ ಈಚಿನ ವರ್ಷಗಳ ಸೂಪರ್‌ಹೀರೋ ಮರುಕಥನಗಳಲ್ಲಿ ನನಗೆ ಅತ್ಯಂತ ಅರ್ಥಪೂರ್ಣವೆನ್ನಿಸಿದೆ. ಅದರ ಮಿತಿಗಳೂ ಕಡಿಮೆಯಿಲ್ಲ.

ನಮ್ಮ ಓದುಗರಿಗೆ ಮರುಕಥನ ಹೊಸದಲ್ಲ. ಭೈರಪ್ಪನವರ ‘ಪರ್ವ’ (1979) ಮಹಾಭಾರತದಿಂದ ಪವಾಡಗಳನ್ನು ಕಳಚಿ, ದೇವತೆಗಳ ಜಾಗದಲ್ಲಿ ಮನುಷ್ಯರನ್ನು ಕೂರಿಸಿತು. ಕುವೆಂಪು ಅವರ ‘ಶೂದ್ರ ತಪಸ್ವಿ’ (1944) ಪವಾಡವನ್ನು ಹಾಗೆಯೇ ಉಳಿಸಿಕೊಂಡು ಅದರ ದಿಕ್ಕನ್ನು ಬದಲಿಸಿತು. ಶಂಬೂಕನ ಮೇಲೆ ಬಿಟ್ಟ ಬ್ರಹ್ಮಾಸ್ತ್ರ ಅವನಿಗೆ ನಮಿಸಿ, ದೂರು ತಂದವನತ್ತ ತಿರುಗಿತು. ಅಮೆರಿಕದ ಸೂಪರ್‌ಹೀರೋ ಮರುಕಥನಗಳಲ್ಲಿ ಬಹಳಷ್ಟು ‘ಪರ್ವ’ದ ಹಾದಿ ಹಿಡಿದವು. ಫ್ರ್ಯಾಂಕ್ ಮಿಲ್ಲರ್ ಮತ್ತು ಡೇವಿಡ್ ಮಾಝುಕೆಲ್ಲಿಯವರ ‘ಬ್ಯಾಟ್‌ಮ್ಯಾನ್: ಇಯರ್ ಒನ್’ (1987) ಇದಕ್ಕೆ ಒಳ್ಳೆಯ ಮಾದರಿ. ಅದರಲ್ಲಿ ನಾಯಕ ಎಡವುತ್ತಾನೆ, ಗಾಯಗೊಳ್ಳುತ್ತಾನೆ, ಊರಿನ ಪೊಲೀಸರೇ ಭ್ರಷ್ಟರು. ಆ ಪುಸ್ತಕ ಚೆನ್ನಾಗಿದೆ. ಅದನ್ನು ನೋಡಿ ಬರೆದ ನೂರಾರು ಪುಸ್ತಕಗಳು ಚೆನ್ನಾಗಿಲ್ಲ. ಮಳೆ, ಕತ್ತಲೆ, ಗಡ್ಡ ಬಿಟ್ಟ ನಾಯಕ ಇವಿಷ್ಟಿದ್ದರೆ ‘ವಾಸ್ತವ’ ಬಂತು ಎಂದುಕೊಂಡ ಕಾಲ ಒಂದಿತ್ತು, ಅದು ಇನ್ನೂ ಪೂರ್ತಿ ಮುಗಿದಿಲ್ಲ. ಯಾಂಗ್ ಹಿಡಿದದ್ದು ಕುವೆಂಪು ಹಾದಿಗೆ ಹತ್ತಿರವಾದದ್ದು. ಪವಾಡ ಇರುತ್ತದೆ, ಆದರೆ ಅದು ಸಲೀಸಾಗಿ ಸಿಗುವುದಿಲ್ಲ. ಯಾವಾಗ ಸಿಗುತ್ತದೆ ಎಂಬುದರಲ್ಲಿ ಕೃತಿಯ ಅರ್ಥವಿದೆ.

ಯಾಂಗ್ ಆಧಾರವಾಗಿ ತೆಗೆದುಕೊಂಡದ್ದು ಒಂದು ರೇಡಿಯೋ ಕಥೆಯನ್ನು. 1940ರಿಂದ ಅಮೆರಿಕದ ಮಕ್ಕಳು ಸೂಪರ್‌ಮ್ಯಾನ್‌ನನ್ನು ರೇಡಿಯೋದಲ್ಲಿ ಕೇಳುತ್ತಿದ್ದರು. ಬಡ್ ಕಾಲಿಯರ್ ಎಂಬ ನಟ ಕ್ಲಾರ್ಕ್ ಕೆಂಟ್‌ನ ತೆಳು ದನಿಯಿಂದ ಸೂಪರ್‌ಮ್ಯಾನ್‌ನ ಗಡಸು ದನಿಗೆ ಒಂದೇ ವಾಕ್ಯದ ನಡುವೆ ಇಳಿಯುತ್ತಿದ್ದ. 1946ರ ಜೂನ್-ಜುಲೈ ತಿಂಗಳುಗಳಲ್ಲಿ ಈ ಕಾರ್ಯಕ್ರಮ ‘ಕ್ಲಾನ್ ಆಫ್ ದ ಫೈಯರಿ ಕ್ರಾಸ್’ ಎಂಬ 16 ಕಂತುಗಳ ಕಥೆಯನ್ನು ಪ್ರಸಾರ ಮಾಡಿತು. ಚೀನೀ ಮೂಲದ ಲೀ ಕುಟುಂಬದ ಹುಡುಗ ಟಾಮಿ ಬೇಸ್‌ಬಾಲ್ ತಂಡದಲ್ಲಿ ಒಬ್ಬ ಬಿಳಿಯ ಹುಡುಗನ ಜಾಗ ಪಡೆಯುತ್ತಾನೆ. ಆ ಹುಡುಗನ ಚಿಕ್ಕಪ್ಪ ಮುಸುಕುಧಾರಿಗಳ ಗುಂಪಿನ ನಾಯಕ. ಲೀ ಮನೆಯ ಮುಂದೆ ಶಿಲುಬೆ ಉರಿಯುತ್ತದೆ. ಕೂ ಕ್ಲಕ್ಸ್ ಕ್ಲಾನ್ ಎಂಬ ಹೆಸರು ಹೇಳದಿದ್ದರೂ ಯಾರ ಬಗ್ಗೆ ಈ ಮಾತು ಎಂಬುದು ಕೇಳುಗರಿಗೆ ಗೊತ್ತಿತ್ತು. ಯುದ್ಧ ಮುಗಿದು ವರ್ಷವೂ ಆಗಿರಲಿಲ್ಲ. ನಾಝಿಗಳನ್ನು ಸೋಲಿಸಿ ಬಂದ ದೇಶದಲ್ಲಿ ಅದೇ ಮಾತು ಬೇರೆ ಬಾಯಿಗಳಲ್ಲಿ ಮತ್ತೆ ಕೇಳಿಸುತ್ತಿದ್ದ ಹೊತ್ತು ಅದು.

ಕ್ಲಾನ್‌ನ ಬಗ್ಗೆ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಶಿಲುಬೆಗೆ ಬೆಂಕಿ ಹಚ್ಚುವುದು ಆ ಸಂಘಟನೆಯ ಮೂಲ ಆಚರಣೆಯೇ ಅಲ್ಲ. ಅಂತರ್ಯುದ್ಧದ ನಂತರ ಹುಟ್ಟಿದ ಮೊದಲ ಕ್ಲಾನ್ ಹಾಗೆ ಮಾಡುತ್ತಿರಲಿಲ್ಲ. ಥಾಮಸ್ ಡಿಕ್ಸನ್ 1905ರಲ್ಲಿ ಬರೆದ ‘ದ ಕ್ಲ್ಯಾನ್ಸ್‌ಮನ್’ ಕಾದಂಬರಿಯಲ್ಲಿ ಅದು ಬಂತು. ಅಲ್ಲಿಂದ ಗ್ರಿಫಿತ್‌ನ ‘ದ ಬರ್ತ್ ಆಫ್ ಎ ನೇಷನ್’ (1915) ಚಿತ್ರಕ್ಕೆ ಹೋಯಿತು. ಅದೇ ವರ್ಷ ಪುನಃ ಹುಟ್ಟಿದ ಕ್ಲಾನ್ ಅದನ್ನು ತನ್ನದಾಗಿಸಿಕೊಂಡಿತು. ಅಂದರೆ ದ್ವೇಷವೂ ತನ್ನ ಮೂಲಕಥೆಯನ್ನು ಕಾದಂಬರಿ ಮತ್ತು ಸಿನೆಮಾಗಳಿಂದ ಎರವಲು ಪಡೆದಿತ್ತು. ಮುಸುಕು, ಪಟ್ಟ, ಗುಪ್ತ ಹೆಸರು ಎಲ್ಲ ಅದಕ್ಕೂ ಬೇಕಿತ್ತು. ಒಂದು ಕಡೆ ಬಿಳಿ ಮುಸುಕು, ಇನ್ನೊಂದು ಕಡೆ ಕೆಂಪು ಮೇಲುಹೊದಿಕೆ, ಎರಡೂ ಕಾಗದದ ಮೇಲೆ ಹುಟ್ಟಿದ ವೇಷಗಳು. ಹಾಗಾಗಿ ಸೂಪರ್‌ಮ್ಯಾನ್ ಕ್ಲಾನ್‌ನ ಎದುರು ನಿಲ್ಲುವುದು ಮಕ್ಕಳ ಕಲ್ಪನೆಯ ಹುಚ್ಚಾಟ ಎನ್ನುವಂತಿಲ್ಲ. ಕಥೆಗೆ ಕಥೆಯೇ ಉತ್ತರ ಕೊಡಬೇಕಾದ ಸಂದರ್ಭ ಅದು.

ಯಾಂಗ್ ಮಾಡಿದ ಮೊದಲ ಬದಲಾವಣೆ, ಕಥೆಯನ್ನು ಟಾಮಿಯ ಕೈಯಿಂದ ತೆಗೆದು ಅವನ ತಂಗಿಗೆ ಕೊಟ್ಟದ್ದು. ಅವಳ ಹೆಸರು ಲ್ಯಾನ್-ಶಿನ್. ಹೊಸ ಬಡಾವಣೆಯಲ್ಲಿ ಅವಳು ರಾಬರ್ಟಾ. ಚೈನಾಟೌನ್ ಬಿಟ್ಟು ಬರುವ ಕಾರಿನಲ್ಲಿ ಅವಳಿಗೆ ಹೊಟ್ಟೆ ತೊಳಸುತ್ತದೆ. ಅಣ್ಣ ಹೊಸ ಜಾಗಕ್ಕೆ ಒಂದೇ ದಿನದಲ್ಲಿ ಹೊಂದಿಕೊಳ್ಳುತ್ತಾನೆ. ಅವನ ಉಪಾಯ ಸರಳವಾದದ್ದು: ಯಾರಾದರೂ ತನ್ನನ್ನು ಚೀನೀಯನೆಂದು ತಮಾಷೆ ಮಾಡುವ ಮೊದಲೇ ತಾನೇ ಆ ತಮಾಷೆಯನ್ನು ಮಾಡಿಬಿಡುವುದು. ಎಲ್ಲರೂ ನಗುತ್ತಾರೆ, ಅವನನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ರಾಬರ್ಟಾ ನಗುವುದಿಲ್ಲ. ಆ ನಗುವಿಗೆ ಅಣ್ಣ ತೆರುತ್ತಿರುವ ಬೆಲೆ ಅವಳಿಗೆ ಕಾಣುತ್ತದೆ. ಅದನ್ನು ಹೇಳುವ ಮಾತು ಮಾತ್ರ ಅವಳ ಬಳಿ ಇಲ್ಲ. ಹೊಸ ಊರಿನ ಹಾಸ್ಟೆಲಿನಲ್ಲಿ ತನ್ನ ಊರಿನ ಕನ್ನಡದ ರಾಗವನ್ನು ತಾನೇ ಅಣಕಿಸಿ ಗೆಳೆಯರನ್ನು ಸಂಪಾದಿಸಿಕೊಂಡವರು ಟಾಮಿಯನ್ನು ತಕ್ಷಣ ಗುರುತಿಸುತ್ತಾರೆ.

ಅಪ್ಪ ಡಾ. ಲೀ ಇನ್ನೂ ಸಂಕೀರ್ಣ ಪಾತ್ರ. ನಗರದ ಆರೋಗ್ಯ ಇಲಾಖೆಯಲ್ಲಿ ವಿಜ್ಞಾನಿಯಾಗಿ ಕೆಲಸ ಸಿಕ್ಕಿದೆ. ಹೆಂಡತಿ ಚೀನೀ ಮಾತಿಗೆ ಹೊರಳಿದರೆ ಇಂಗ್ಲಿಷಿಗೆ ಎಳೆಯುತ್ತಾರೆ. ಮನೆಯ ಮುಂದೆ ಶಿಲುಬೆ ಉರಿಯುವ ರಾತ್ರಿ ಬೆಂಕಿ ಆರಿಸಲು ಕೆಲವು ಕಪ್ಪು ಜನ ಓಡಿಬರುತ್ತಾರೆ. ಡಾ. ಲೀ ಅವರನ್ನು ಅನುಮಾನದಿಂದಲೇ ನೋಡುತ್ತಾರೆ, ಅವರ ನೆರವು ತನಗೆ ಬೇಡ ಎಂಬಂತೆ ನಡೆದುಕೊಳ್ಳುತ್ತಾರೆ. ಇಡೀ ಪುಸ್ತಕದಲ್ಲಿ ನನ್ನನ್ನು ಅತಿ ಹೆಚ್ಚು ತಡೆದು ನಿಲ್ಲಿಸಿದ ಪ್ರಸಂಗ ಇದು. ತನ್ನ ಅಂಗಳದಲ್ಲಿ ಬೆಂಕಿ ಉರಿಯುತ್ತಿರುವಾಗಲೂ ಆ ಮನುಷ್ಯನ ಚಿಂತೆ, ತನ್ನನ್ನು ಯಾರ ಜೊತೆಗೆ ಸೇರಿಸಿ ನೋಡುತ್ತಾರೆ ಎಂಬುದು. ಏಣಿಯ ನಡುವಿನ ಮೆಟ್ಟಿಲಲ್ಲಿ ನಿಂತವನು ಮೇಲಿನವನ ಕಾಲೊದೆಯನ್ನು ತಡೆದುಕೊಂಡು ಕೆಳಗಿನವನ ಕೈ ಮೇಲೆ ಕಾಲಿಡುತ್ತಾನೆ ಎಂಬುದನ್ನು ನಮಗೆ ಯಾರೂ ವಿವರಿಸಿ ಹೇಳಬೇಕಿಲ್ಲ. ಜಾತಿಯ ಸಮಾಜದಲ್ಲಿ ಬೆಳೆದ ಓದುಗರಿಗೆ ಡಾ. ಲೀ ಅಪರಿಚಿತರಲ್ಲ. ಬಲಿಪಶುವನ್ನು ಪೂರ್ತಿ ಒಳ್ಳೆಯವನನ್ನಾಗಿ ಮಾಡುವ ಆಸೆಯನ್ನು ಯಾಂಗ್ ಇಲ್ಲಿ ಗೆದ್ದಿದ್ದಾರೆ. ಮಕ್ಕಳಿಗಾಗಿ ಬರೆದ ಪುಸ್ತಕದಲ್ಲಿ ಇದು ಸಣ್ಣ ಸಾಧನೆಯಲ್ಲ.

ಈ ಕುಟುಂಬದ ಕಥೆಯ ಪಕ್ಕದಲ್ಲೇ ಸೂಪರ್‌ಮ್ಯಾನ್‌ನ ಕಥೆ ಸಾಗುತ್ತದೆ. ಪುಸ್ತಕ ತೆರೆಯುವುದು ಒಬ್ಬ ನಾಝಿ ಖಳನ ಜೊತೆಗಿನ ಕಾಳಗದಿಂದ. ಆ ಖಳನ ಶಕ್ತಿಯ ಮೂಲ ಒಂದು ಹಸಿರು ಹರಳು. ಅದರ ಹತ್ತಿರ ಹೋದಾಗ ಸೂಪರ್‌ಮ್ಯಾನ್‌ಗೆ ಮೈ ಸೋಲುತ್ತದೆ. ಕ್ರಿಪ್ಟೊನೈಟ್ ಎಂದರೆ ಶಕ್ತಿ ಕುಂದಿಸುವ ಕಲ್ಲು ಎಂದು ನಮಗೆಲ್ಲ ಗೊತ್ತು. ಯಾಂಗ್ ಅದಕ್ಕೆ ಇನ್ನೊಂದು ಗುಣ ಸೇರಿಸಿದ್ದಾರೆ. ಹರಳಿನ ಪ್ರಭಾವದಲ್ಲಿ ಅವನಿಗೆ ತನ್ನ ಪ್ರತಿಬಿಂಬ ಹಸಿರು ಮೈಯ ವಿಕಾರ ಜೀವಿಯಂತೆ ಕಾಣತೊಡಗುತ್ತದೆ. ಅಂಥದೇ ಎರಡು ಆಕೃತಿಗಳು ಮುಂದೆ ಬಂದು ಅರ್ಥವಾಗದ ಭಾಷೆಯಲ್ಲಿ ಏನೋ ಹೇಳುತ್ತವೆ. ಅವನು ಬೆದರಿ ದೂರ ಓಡುತ್ತಾನೆ. ಆ ಆಕೃತಿಗಳು ಅವನ ತಂದೆತಾಯಿ, ಆ ಭಾಷೆ ಅವನ ಮಾತೃಭಾಷೆ ಎಂಬುದು ಬಹಳ ಪುಟಗಳ ನಂತರ ತಿಳಿಯುತ್ತದೆ. ಹೆತ್ತವರು ರಾಕ್ಷಸರಂತೆ ಕಾಣುವುದು ಅವರ ರೂಪದಿಂದಲ್ಲ, ತನ್ನ ಬಗ್ಗೆ ಅವನು ಒಳಗೆ ತುಂಬಿಕೊಂಡ ಭಯದಿಂದ.

ಆ ಭಯ ಎಲ್ಲಿಂದ ಬಂತು ಎಂಬುದನ್ನು ಸ್ಮಾಲ್‌ವಿಲ್‌ನ ನೆನಪುಗಳು ಹೇಳುತ್ತವೆ. ಬಾಲಕ ಕ್ಲಾರ್ಕ್‌ನ ಶಕ್ತಿ ಅಕಸ್ಮಾತ್ತಾಗಿ ಹೊರಬಿದ್ದಾಗ ಜನ ಅವನನ್ನು ದೆವ್ವ ಕಂಡಂತೆ ನೋಡಿದರು. ಸಾಕಿದ ಅಪ್ಪ-ಅಮ್ಮ ಪ್ರೀತಿಯಿಂದಲೇ ಬಚ್ಚಿಟ್ಟುಕೊಳ್ಳುವುದನ್ನು ಕಲಿಸಿದರು. ನೆಲದ ಮೇಲೆ ಓಡಿದರೆ ಜನ ‘ಬಲಶಾಲಿ’ ಎನ್ನುತ್ತಾರೆ, ಗಾಳಿಯಲ್ಲಿ ತೇಲಿದರೆ ‘ಮನುಷ್ಯನಲ್ಲ’ ಎನ್ನುತ್ತಾರೆ. ಹುಡುಗ ಲೆಕ್ಕ ಹಾಕಿ ನೆಲವನ್ನೇ ಆರಿಸಿಕೊಂಡ. 1938ರ ಸೂಪರ್‌ಮ್ಯಾನ್ ಏಕೆ ಹಾರುತ್ತಿರಲಿಲ್ಲ ಎಂಬುದಕ್ಕೆ ಎಂಟು ದಶಕಗಳ ನಂತರ ಸಿಕ್ಕ ಕಾರಣ ಇದು: ಹಾರಿದರೆ ಪರದೇಶಿ ಎಂದು ಗೊತ್ತಾಗುತ್ತದೆ. ಟಾಮಿ ಜೋಕು ಹೇಳುತ್ತಾನೆ, ಡಾ. ಲೀ ಇಂಗ್ಲಿಷಿಗೆ ಅಂಟಿಕೊಳ್ಳುತ್ತಾರೆ, ಸೂಪರ್‌ಮ್ಯಾನ್ ಓಡುತ್ತಾನೆ. ಮೂವರೂ ಮಾಡುತ್ತಿರುವುದು ಒಂದೇ ಕೆಲಸ ಎಂಬುದನ್ನು ಯಾಂಗ್ ಬಾಯಿಬಿಟ್ಟು ಹೇಳುವುದಿಲ್ಲ. ಚಿತ್ರಗಳು ಪಕ್ಕಪಕ್ಕದಲ್ಲಿ ಬಂದು ಓದುಗರಿಗೆ ತೋರಿಸುತ್ತವೆ.

ಇದನ್ನು ಕಂಡುಹಿಡಿಯುವವಳು ರಾಬರ್ಟಾ. ಅವನು ತನ್ನ ಶಕ್ತಿಯನ್ನು ಹಿಡಿದಿಟ್ಟುಕೊಂಡಿದ್ದಾನೆ ಎಂಬುದು ಲೋಕದಲ್ಲಿ ಅವಳಿಗೆ ಮಾತ್ರ ಹೊಳೆಯುತ್ತದೆ. ಅದಕ್ಕೆ ಯಾವ ವಿಶೇಷ ಬುದ್ಧಿಯೂ ಬೇಕಿರಲಿಲ್ಲ. ಅವಳಿಗೂ ಆ ಅಭ್ಯಾಸವಿತ್ತು.

ಯಾಂಗ್ ಎಷ್ಟು ದೂರ ಬಂದಿದ್ದಾರೆ ಎಂಬುದು ಹಿಂದಿನ ಮರುಕಥನಗಳ ಪಕ್ಕದಲ್ಲಿಟ್ಟಾಗ ತಿಳಿಯುತ್ತದೆ. 1986ರಲ್ಲಿ ಜಾನ್ ಬರ್ನ್ ‘ದ ಮ್ಯಾನ್ ಆಫ್ ಸ್ಟೀಲ್’ ಸರಣಿಯಲ್ಲಿ ಸೂಪರ್‌ಮ್ಯಾನ್‌ನ ಮೂಲವನ್ನು ಹೊಸದಾಗಿ ಬರೆದರು. ಅವರ ಕ್ರಿಪ್ಟನ್ ಪ್ರೀತಿಯೇ ಇಲ್ಲದ, ತಣ್ಣನೆಯ ಲೋಕ. ಮಗು ಹುಟ್ಟುವ ಮೊದಲೇ ಗರ್ಭಯಂತ್ರದ ಸಮೇತ ಭೂಮಿಗೆ ಬರುತ್ತದೆ, ಹಾಗಾಗಿ ತಾಂತ್ರಿಕವಾಗಿ ಅವನು ಹುಟ್ಟಿದ್ದು ಅಮೆರಿಕದ ನೆಲದಲ್ಲಿ! ಕೊನೆಗೆ ತನ್ನ ಮೂಲ ತಿಳಿದ ಸೂಪರ್‌ಮ್ಯಾನ್ ಅದರಿಂದ ತನಗೆ ಏನೂ ಆಗಬೇಕಿಲ್ಲ, ತನ್ನನ್ನು ಮನುಷ್ಯನನ್ನಾಗಿಸಿದ್ದು ಭೂಮಿ ಎಂದು ನಿಶ್ಚಯಿಸುತ್ತಾನೆ. ಬರ್ನ್ ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವರು. ಮೂಲವನ್ನು ಹಿಂದೆ ಬಿಟ್ಟು ಹೊಸ ನಾಡಿಗೆ ಪೂರ್ತಿಯಾಗಿ ಸಲ್ಲುವುದು ಕೂಡ ಒಬ್ಬ ವಲಸಿಗನ ಕನಸೇ, ಅದನ್ನು ಹಳಿಯಬೇಕಿಲ್ಲ. ಸೀಗಲ್ ಮತ್ತು ಶೂಸ್ಟರ್ ಯಹೂದಿ ವಲಸಿಗ ಕುಟುಂಬಗಳ ಮಕ್ಕಳು. ಮುಗ್ಗರಿಸುವ, ಕನ್ನಡಕದ ಕ್ಲಾರ್ಕ್‌ನೊಳಗೆ ಬೇರೊಬ್ಬ ಅಡಗಿದ್ದಾನೆ ಎಂಬ ಕಲ್ಪನೆ ಅವರಿಗೆ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಬರ್ನ್ ಆ ಬೇರೊಬ್ಬನನ್ನು ಅಳಿಸಿ ನೆಮ್ಮದಿ ಕೊಟ್ಟರು. ಯಾಂಗ್ ಅವನನ್ನು ವಾಪಸು ಕರೆದು ಅವನ ಕೈಗೆ ಹಾರಾಟವನ್ನು ಕೊಟ್ಟರು. ಹೆತ್ತವರ ಭಾಷೆಗೆ ಕಿವಿಗೊಟ್ಟ ಮೇಲೆ ಅವನ ಕಾಲು ನೆಲ ಬಿಡುತ್ತದೆ.

ಪೆಟ್ಟಿಗೆಯಲ್ಲಿ ತೇಲಿಬಂದು ಬೇರೆಯವರ ಮನೆಯಲ್ಲಿ ಬೆಳೆದ ಮಗು ಎಂದೊಡನೆ ನಮಗೆ ಕರ್ಣ ನೆನಪಾಗುತ್ತಾನೆ. ಹೋಲಿಕೆ ಹಳೆಯದು, ವ್ಯತ್ಯಾಸವೇ ಹೆಚ್ಚು ಉಪಯುಕ್ತ. ಕರ್ಣನಿಗೆ ಹುಟ್ಟಿನ ಸತ್ಯ ಯುದ್ಧದ ಹಿಂದಿನ ದಿನಗಳಲ್ಲಿ, ಪಕ್ಷ ಬದಲಿಸುವ ಆಮಿಷವಾಗಿ ಬರುತ್ತದೆ. ಹೇಳುವವರಿಗೆ ಅದರಿಂದ ಲಾಭವಿದೆ. ಸತ್ಯ ಅವನನ್ನು ಬಿಡುಗಡೆ ಮಾಡುವುದಿಲ್ಲ, ಇನ್ನಷ್ಟು ಕಟ್ಟಿಹಾಕುತ್ತದೆ. ಯಾಂಗ್ ಅವರ ಸೂಪರ್‌ಮ್ಯಾನ್‌ಗೆ ಸತ್ಯ ಬರುವಾಗ ಅದರ ಹಿಂದೆ ಯಾರ ಲೆಕ್ಕಾಚಾರವೂ ಇಲ್ಲ, ಹೆತ್ತವರ ಪ್ರೀತಿ ಮಾತ್ರ ಇದೆ. ಅಮೆರಿಕದ ಕಥೆಗಳು ಹುಟ್ಟಿನ ಸತ್ಯದ ಮೇಲೆ ಇಟ್ಟಿರುವ ಈ ಭರವಸೆ ಮಹಾಭಾರತ ಓದಿದವರಿಗೆ ಸ್ವಲ್ಪ ಎಳಸು ಎನ್ನಿಸಬಹುದು. ನನಗೂ ಹಾಗನ್ನಿಸಿತು.

ನನ್ನ ದೊಡ್ಡ ತಕರಾರು ಬೇರೆ. ಸೂಪರ್‌ಮ್ಯಾನ್‌ನ ಪರದೇಶಿತನ ಬಚ್ಚಿಡಬಹುದಾದದ್ದು. ನೋಡಲು ಅವನು ಕನ್ಸಾಸಿನ ಬಿಳಿಯ ಯುವಕ. ಕನ್ನಡಕ ಹಾಕಿಕೊಂಡರೆ ಪತ್ರಿಕಾ ಕಚೇರಿಯಲ್ಲಿ ಉದ್ಯೋಗ, ಕಳಚಿದರೆ ನಗರದ ಜಯಕಾರ. ರಾಬರ್ಟಾಗೆ ಕಳಚಲು ಏನೂ ಇಲ್ಲ. ಮುಖವನ್ನು ಎಲ್ಲಿ ಬಚ್ಚಿಡುವುದು? ಅವಳನ್ನೂ ಅವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪುಸ್ತಕ ಈ ಅಸಮಾನತೆಯನ್ನು ಮುಟ್ಟಿ ಬಿಟ್ಟುಬಿಡುತ್ತದೆ. ತನ್ನ ಗುಟ್ಟನ್ನು ಒಪ್ಪಿಕೊಂಡ ಸೂಪರ್‌ಮ್ಯಾನ್ ಆಕಾಶಕ್ಕೇರುತ್ತಾನೆ. ಗುಟ್ಟೇ ಇಲ್ಲದ ಹುಡುಗಿಗೆ ಅವನ ಧೈರ್ಯದಿಂದ ಆಗುವುದೇನು ಎಂಬ ಪ್ರಶ್ನೆಗೆ ಸಿಗುವ ಉತ್ತರ ತೆಳುವಾದದ್ದು. ಯಾಂಗ್ ಈ ಸಮಸ್ಯೆಯನ್ನು ಅರಿಯದವರಲ್ಲ. ಅವರಿಗೆ ಹೆಸರು ತಂದ ‘ಅಮೆರಿಕನ್ ಬಾರ್ನ್ ಚೈನೀಸ್’ (2006) ಕೃತಿಯಲ್ಲಿ ತಾನು ಕೋತಿಯಲ್ಲ ಎಂದು ಹಟ ಹಿಡಿಯುವ ವಾನರ ರಾಜನ ಕಥೆಯನ್ನು, ತನ್ನ ಮುಖವನ್ನೇ ಬದಲಿಸಿಕೊಳ್ಳಲು ಬಯಸುವ ಶಾಲಾ ಹುಡುಗನ ಕಥೆಯ ಜೊತೆ ಹೆಣೆದಿದ್ದರು. ಆ ಪುಸ್ತಕ ಇದಕ್ಕಿಂತ ಕಹಿಯಾದದ್ದು, ಹೆಚ್ಚು ಪ್ರಾಮಾಣಿಕವಾದದ್ದು. ಅಲ್ಲಿ ಯಾರನ್ನೂ ಕಾಪಾಡಲು ಸೂಪರ್‌ಮ್ಯಾನ್ ಇರಲಿಲ್ಲ, ದೊಡ್ಡ ಕಂಪನಿಯ ಒಡೆತನದ ಪಾತ್ರವನ್ನು ಕಾಪಾಡಬೇಕಾದ ಹೊಣೆಯೂ ಇರಲಿಲ್ಲ.

ಇನ್ನೊಂದು ಕೊರತೆ ಖಳರದು. ಕ್ಲಾನ್‌ನ ಮೇಲಿನ ನಾಯಕನಿಗೆ ಬಣ್ಣ, ರಕ್ತ ಇತ್ಯಾದಿಗಳಲ್ಲಿ ನಂಬಿಕೆಯೇ ಇಲ್ಲ, ಅವನಿಗೆ ಅದು ದುಡ್ಡಿನ ವ್ಯವಹಾರ. ಈ ತಿರುವು ರೇಡಿಯೋ ಕಥೆಯಿಂದಲೇ ಬಂದದ್ದು. ಮುಸುಕು ಮಾರಿ ಲಾಭ ಮಾಡಿದವರು ಇತಿಹಾಸದಲ್ಲೂ ಇದ್ದರು, ಹಾಗಾಗಿ ಸುಳ್ಳಲ್ಲ. ಆದರೆ ಇದರಿಂದ ದ್ವೇಷ ಒಂದು ಮೋಸದ ಜಾಲವಾಗಿಬಿಡುತ್ತದೆ: ಮೋಸಗಾರ ಸಿಕ್ಕಿಬಿದ್ದರೆ ಮೋಸಹೋದವರು ಸರಿಹೋಗುತ್ತಾರೆ. ಚಕ್ ಎಂಬ ಬಿಳಿಯ ಹುಡುಗನ ಮನಸ್ಸು ಬದಲಾಗುವುದೂ ಅವಸರದಲ್ಲಿ. ಅವನ ಪ್ರೀತಿಯ ಚಿಕ್ಕಪ್ಪನೇ ಮುಸುಕಿನ ಹಿಂದಿದ್ದಾನೆ. ಆ ಮನೆಯ ಊಟದ ಮೇಜಿನ ಮಾತುಗಳನ್ನು ಇನ್ನೂ ಹತ್ತು ಪುಟ ಕೇಳಿಸಿದ್ದರೆ ಪುಸ್ತಕ ಭಾರವಾಗುತ್ತಿತ್ತು, ಭಾರವಾಗಬೇಕಿತ್ತು. ಚೀನೀಯರು ಅಮೆರಿಕಕ್ಕೆ ಬರುವುದನ್ನು 1882ರಿಂದ ತಡೆದದ್ದು ಮುಸುಕುಧಾರಿಗಳಲ್ಲ, ಸಂಸತ್ತು ಮಾಡಿದ ಕಾನೂನು. ಅದು ರದ್ದಾದದ್ದು 1943ರಲ್ಲಿ, ಆಗಲೂ ವರ್ಷಕ್ಕೆ 105 ಜನರಿಗಷ್ಟೇ ಪ್ರವೇಶ. ಲೀ ಕುಟುಂಬ ಹೊಸ ಮನೆಗೆ ಬರುವುದು ಅದಾದ ಮೂರು ವರ್ಷಕ್ಕೆ. ಗುದ್ದಿ ಬೀಳಿಸಲಾಗದ ಈ ಎದುರಾಳಿ ಕಥೆಯ ಅಂಚಿನಲ್ಲೇ ಉಳಿದಿದ್ದಾನೆ.

ಚಿತ್ರಗಳ ಬಗ್ಗೆ ಹೇಳುವುದಾದರೆ, ಗುರಿಹಿರು ಶೈಲಿ ದುಂಡಗಿನ, ತಿಳಿಯಾದ ಗೆರೆಗಳದು. ಸೂಪರ್‌ಮ್ಯಾನ್‌ನ ಎದೆಯ ಲಾಂಛನ ಫ್ಲೈಶರ್ ಕಾರ್ಟೂನುಗಳಂತೆ ಕಪ್ಪು ಹಿನ್ನೆಲೆಯದು. ಮುಖಭಾವಗಳಲ್ಲಿ ಜಪಾನಿ ಮಾಂಗಾದ ಸ್ಪರ್ಶವಿದೆ. ಇಷ್ಟು ಮುದ್ದಾದ ಗೆರೆಗಳಲ್ಲಿ ಉರಿಯುವ ಶಿಲುಬೆಯನ್ನು ನೋಡಿದಾಗ ಮೊದಲು ಇರುಸುಮುರುಸಾಗುತ್ತದೆ. ಕತ್ತಲೆಯ ಬಣ್ಣಗಳಿದ್ದಿದ್ದರೆ ಅದು ಮತ್ತೊಂದು ಕತ್ತಲೆಯ ಕಾಮಿಕ್ಸ್‌ನ ಮತ್ತೊಂದು ಪುಟವಾಗುತ್ತಿತ್ತು. ಬೆಳಕಿರುವ ಬಡಾವಣೆಯಲ್ಲಿ, ಕತ್ತರಿಸಿದ ಹಸಿರು ಹುಲ್ಲಿನ ಮೇಲೆ ಬೆಂಕಿ ಕಂಡಾಗ ಆ ಜಾಗ ಯಾರದ್ದೆಂದು ತಿಳಿದುಕೊಂಡಿದ್ದೆವೋ ಅದು ಅಲ್ಲಾಡುತ್ತದೆ. 2021ರಲ್ಲಿ ಈ ಪುಸ್ತಕಕ್ಕೆ ಮಕ್ಕಳ ಕೃತಿ ಮತ್ತು ರೂಪಾಂತರ ವಿಭಾಗಗಳಲ್ಲಿ ಐಸ್ನರ್ ಪ್ರಶಸ್ತಿಗಳು ಬಂದವು. ಪ್ರಶಸ್ತಿಯಲ್ಲಿ ದೊಡ್ಡ ಪಾಲು ಈ ಕಲಾವಿದೆಯರಿಗೆ ಸಲ್ಲಬೇಕು.

ಓದಬೇಕೆನ್ನುವ ವಿದ್ಯಾರ್ಥಿಗಳಿಗೆ ಒಂದು ಸಲಹೆ. ಮೊದಲು ಕಥೆಯನ್ನು ಓದಿ. ಆಮೇಲೆ ಸಂಪುಟದ ಕೊನೆಯಲ್ಲಿ ಯಾಂಗ್ ತಮ್ಮ ಬಾಲ್ಯ, ಕ್ಲಾನ್‌ನ ಚರಿತ್ರೆ ಮತ್ತು ರೇಡಿಯೋ ಕಾರ್ಯಕ್ರಮಗಳ ಬಗ್ಗೆ ಬರೆದ ಪ್ರಬಂಧವನ್ನು ಓದಿ. ಕಾಮಿಕ್ಸ್ ಓದುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಪುಟಗಳವು. ನಂತರ ಸಮಯವಿದ್ದರೆ 1946ರ ಕಂತುಗಳನ್ನು ಕೇಳಿ, ಅಂತರ್ಜಾಲದಲ್ಲಿ ಸಿಗುತ್ತವೆ. ಅಲ್ಲಿ ಸೂಪರ್‌ಮ್ಯಾನ್ ಯಾವ ಅಳುಕೂ ಇಲ್ಲದೆ, ಗಾಳಿ ಸೀಳುವ ಸದ್ದಿನೊಂದಿಗೆ ಮೊದಲ ಕಂತಿನಿಂದಲೇ ಹಾರಾಡಿಕೊಂಡಿರುತ್ತಾನೆ.